ಕೊಯಿಲದ ಅಂಗಳದಲ್ಲಿ ಮೈಸೂರಿನ ಜಾವಾ

ಮಳೆಗಾಲವೆಂದರೆ ನಮ್ಮ ಪುತ್ತೂರು ಸೀಮೆಯಲ್ಲಿ ಯಂತ್ರಗಳಿಗೆ ಪರೀಕ್ಷೆಯ ಕಾಲ. ಜೂನಿನಲ್ಲಿ ಹಿಡಿದ ಮಳೆ ಸಪ್ಟೆಂಬರಿನವರೆಗೆ ಬಿಡದೆ ಹೊಡೆಯುವ ಈ ನೆಲದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಒಂದು ವಾರ ಸಾಕು. ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಕೊಯಿಲದಲ್ಲಿ, ನಮ್ಮ ಮನೆಯಂಗಳದ ಮಾಡಿನಡಿ, 1960ರ ದಶಕದ ಜಾವಾ ಮೋಟಾರ್ ಸೈಕಲ್ಲೊಂದು ಇಂದಿಗೂ ಎರಡು ಮೂರು ಒದೆತಕ್ಕೆ ಎಚ್ಚರಗೊಳ್ಳುತ್ತದೆ. ಅದನ್ನು ಹುಟ್ಟಿಸಿದ ಕಾರ್ಖಾನೆ ಬಾಗಿಲು ಹಾಕಿ ಕಾಲು ಶತಮಾನ ದಾಟಿತು. ತಾಯಿಯಿಲ್ಲದ ಈ ಕೂಸು ಬದುಕಿದ್ದು ಹೇಗೆ ಎಂಬುದು ವಿಚಾರಿಸತಕ್ಕ ಸಂಗತಿ.

ಜಾವಾ ಎಂಬ ಹೆಸರಿಗೂ ಆ ಹೆಸರಿನ ದ್ವೀಪಕ್ಕೂ ಯಾವ ನಂಟೂ ಇಲ್ಲ. ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬವನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಪ್ರಾಗ್ ನಗರದಲ್ಲಿ ಈ ಉದ್ಯಮವನ್ನು ಆರಂಭಿಸಿದ. ಸ್ವತಂತ್ರ ಭಾರತವು ವಿದೇಶೀ ವಾಹನಗಳ ಆಮದನ್ನು ಬಿಗಿಗೊಳಿಸಿದಾಗ, ಇಲ್ಲಿಯೇ ತಯಾರಿಸದೆ ಗತ್ಯಂತರವಿಲ್ಲವೆಂದಾಯಿತು. ಮದರಾಸಿನಲ್ಲಿ ಎನ್‌ಫೀಲ್ಡ್ ಆಗಲೇ ತಲೆಯೆತ್ತಿತ್ತು. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿಯವರ ಐಡಿಯಲ್ ಜಾವಾ ಕಂಪೆನಿಯು ಚೆಕೊಸ್ಲೊವಾಕಿಯದ ಪರವಾನಗಿ ಪಡೆದು ಮೈಸೂರನ್ನು ಆರಿಸಿಕೊಂಡಿತು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲ ಕಂಪೆನಿಗಿತ್ತು. ಗಂಧದೆಣ್ಣೆಗೂ ರೇಷ್ಮೆಗೂ ಹೆಸರಾದ ಊರಿಗೆ ಎರಡು ಸೈಲೆನ್ಸರುಗಳ ಹೊಗೆಯೂ ಒಂದು ಗುರುತಾಯಿತು!

ಮೈಸೂರಿನಿಂದ ನಮ್ಮ ಕಡೆಗೆ ದಾರಿ ಮಡಿಕೇರಿಯ ಮೇಲೆ. ಸಂಪಾಜೆ ಘಾಟಿಯಿಳಿದು ಸುಳ್ಯ, ಪುತ್ತೂರು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ತೋಟದ ಯಜಮಾನರು ಜಾವಾ ತೆಗೆದುಕೊಳ್ಳುವುದಿತ್ತು. ನಮ್ಮ ತಂದೆಯವರು ಕೊಂಡದ್ದು ಸೆಕೆಂಡ್ ಹ್ಯಾಂಡು. ಅದರ ಪಕ್ಕದ ಪೆಟ್ಟಿಗೆಯೊಳಗೆ ಸ್ಪಾನರುಗಳ ಚೀಲವಿತ್ತು, ಜೊತೆಗೊಂದು ಪುಸ್ತಿಕೆ. ಯಾವುದನ್ನು ಎಂದು ಬಿಚ್ಚಬೇಕು, ಎಲ್ಲಿಗೆ ಎಷ್ಟು ಎಣ್ಣೆ ಎಂಬುದೆಲ್ಲ ಅದರಲ್ಲಿ ಚಿತ್ರಸಹಿತ ಇತ್ತು. ಕೊಂಡವನು ತಾನೇ ಬಿಚ್ಚುವನೆಂದು ತಯಾರಕರು ಧೈರ್ಯವಾಗಿ ನಂಬಿದ್ದ ಕಾಲ ಅದು.

ಆ ನಂಬಿಕೆಗೆ ತಕ್ಕ ಯಂತ್ರವೇ ಅದು. ಸುಮಾರು 250 ಸಿ.ಸಿ.ಯ ಒಂದೇ ಸಿಲಿಂಡರು. ಟೂ ಸ್ಟ್ರೋಕ್ ಆದುದರಿಂದ ವಾಲ್ವುಗಳ ರಗಳೆಯಿಲ್ಲ. ಒದೆಯುವ ಕಿಕ್ಕರೂ ಗೇರು ಹಾಕುವ ಸನ್ನೆಯೂ ಒಂದೇ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರು, ಮುಂದಕ್ಕೆ ತಂದರೆ ಗೇರು. ಗೇರಿನ ಮೇಲೆ ಪಾದವೂರಿದೊಡನೆ ಕ್ಲಚ್ಚು ತಾನಾಗಿ ಬಿಡುವುದರಿಂದ, ಕ್ಲಚ್ಚಿನ ಕೇಬಲ್ಲು ತುಂಡಾದರೂ ಮನೆ ಸೇರಬಹುದು. ಹಿಂದಿನ ಚೈನು ಪೂರ್ತಿ ತಗಡಿನ ಕವಚದೊಳಗೆ. ಕೆಸರಿನ ಊರಿಗೆ ಇದಕ್ಕಿಂತ ಉಪಕಾರ ಬೇರೆ ಬೇಕೆ?

ಪೆಟ್ರೋಲಿಗೆ ಎಣ್ಣೆ ಕಲಸುವ ಕೆಲಸವೂ ನಮ್ಮವರಿಗೆ ಹೊಸದೆನಿಸಲಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವಾಗ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂದು ಅಳೆದು ಬೆರೆಸಿದ ಕೈ, 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಬೆರೆಸಲು ಅಂಜುತ್ತದೆಯೇ? ಮದ್ದಿನ ಪಂಪಿನ ವಾಷರನ್ನು ಮನೆಯಲ್ಲೇ ಬದಲಿಸುವವರಿಗೆ ಕಾರ್ಬ್ಯುರೇಟರಿನ ಜೆಟ್ಟು ದೊಡ್ಡ ಗುಟ್ಟಲ್ಲ. ಎಣ್ಣೆ ಉರಿದರೆ ಮಸಿ ಕಟ್ಟುವುದು ಸಹಜ. ಮಸಿ ಕಟ್ಟಿದರೆ ಉಸಿರು ಕಟ್ಟುತ್ತದೆ, ಏರಿನಲ್ಲಿ ಗಾಡಿ ಮುಕ್ಕರಿಯುತ್ತದೆ. ವರ್ಷಕ್ಕೊಮ್ಮೆ ನಾಲ್ಕು ನಟ್ಟು ಬಿಚ್ಚಿ ಸಿಲಿಂಡರಿನ ತಲೆಯೆತ್ತಿ, ಪಿಸ್ಟನಿನ ಮೇಲಿನ ಮಸಿಯನ್ನು ಬಿದಿರಿನ ಚಕ್ಕೆಯಿಂದ ಕೆರೆಯುತ್ತಿದ್ದರು. ಅಲ್ಯೂಮಿನಿಯಮ್ಮಿಗೆ ಉಳಿ ತಾಗಬಾರದಷ್ಟೆ. ಸೈಲೆನ್ಸರಿನ ಒಳಕೊಳವೆಯನ್ನು ಗೆರಟೆಯ ಬೆಂಕಿಯಲ್ಲಿ ಸುಟ್ಟು ಕುಟ್ಟಿದರೆ ಕರಿ ಉದುರಿ ಬೀಳುತ್ತಿತ್ತು. ಅಂದು ಅಂಗಳವೂ ಕಪ್ಪು, ನಾವೂ ಕಪ್ಪು, ಅಮ್ಮನ ಮುಖವಂತೂ ಅದಕ್ಕಿಂತ ಕಪ್ಪು.

ಮಳೆಯಲ್ಲಿ ಹೆಚ್ಚು ಕಾಡುತ್ತಿದ್ದುದು ಕಿಡಿ. ಬಲಬದಿಯ ಮುಚ್ಚಳದೊಳಗೆ 6 ವೋಲ್ಟಿನ ಡೈನಮೋ, ಅದರ ಜೊತೆಯಲ್ಲೇ ಕಿಡಿಯನ್ನು ಆಳುವ ಪಾಯಿಂಟುಗಳು. ಅವು ತೆರೆದಾಗಿನ ಎಡೆ ಸುಮಾರು 0.4 ಮಿಲಿಮೀಟರ್ ಇರಬೇಕು. ಅಳೆಯುವ ಗೇಜು ಇಲ್ಲದಾಗ ತಂದೆಯವರು ಮುಖಕ್ಷೌರದ ನಾಲ್ಕು ಬ್ಲೇಡುಗಳನ್ನು ಜೋಡಿಸಿ ತೂರಿಸುತ್ತಿದ್ದರು. ಬ್ಲೇಡಿನ ದಪ್ಪ 0.1 ಮಿಲಿಮೀಟರ್ ಎಂದಾದ ಮೇಲೆ ಲೆಕ್ಕ ತಪ್ಪಲು ಅವಕಾಶವೆಲ್ಲಿ? ಬೆಂಗಳೂರಿನ ಮೈಕೋ ಪ್ಲಗ್ಗನ್ನು ಒರೆಸಿ ಹಾಕಿದರೆ ಆ ದಿನಕ್ಕೆ ಚಿಂತೆಯಿಲ್ಲ. ಆದರೆ ರಾತ್ರಿ ಆ 6 ವೋಲ್ಟಿನ ದೀಪವನ್ನು ನಂಬಿ ಬರುವವನಿಗೆ ಮಾರ್ಗಕ್ಕಿಂತ ದೇವರೇ ಹೆಚ್ಚು ಕಾಣಿಸುತ್ತಿದ್ದ.

1973ರ ಸುಮಾರಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿಗಳ ಮೂಲನೆಲೆಯಾದ ಯಜ್ದ್ ಪಟ್ಟಣದಿಂದ ಅದು ಬಂದಿತೆನ್ನುವರು. ಚೆಕ್ ಭಾಷೆಯಲ್ಲಿ ‘ಯೆಜ್ದೀ’ ಎಂದರೆ ಸವಾರಿ ಮಾಡುತ್ತಾನೆ ಎಂಬ ಅರ್ಥವೂ ಇದೆ. 1980ರ ದಶಕದ ನಡುವೆ ಜಪಾನೀ ತಂತ್ರದ 100 ಸಿ.ಸಿ. ಗಾಡಿಗಳು ಅರ್ಧ ಪೆಟ್ರೋಲಿನಲ್ಲಿ ಓಡಿ ತೋರಿಸಿದವು. ಕಾರ್ಮಿಕರ ತಕರಾರು, ಹೊಗೆಯ ಮೇಲಿನ ಹೊಸ ಕಟ್ಟಳೆ ಎಲ್ಲ ಕೂಡಿ 1996ರಲ್ಲಿ ಯಾದವಗಿರಿಯ ಯಂತ್ರಗಳು ನಿಂತವು. 2018ರಲ್ಲಿ ಜಾವಾ ಹೆಸರು ಮತ್ತೆ ಪೇಟೆಗೆ ಬಂದಿದೆ. ಆದರೆ ಅದು ಫೋರ್ ಸ್ಟ್ರೋಕ್ ಗಾಡಿ, ಊರು ಮಧ್ಯಪ್ರದೇಶದ ಪೀಥಂಪುರ. ಅದರ ಬಿಡಿಭಾಗ ಹಳೆಯದಕ್ಕೆ ಕೂಡದು.

1996ರ ಬಳಿಕವೇ ಮನೆಗೆಲಸದ ಬೆಲೆ ತಿಳಿದದ್ದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕುವುದು, ಸಿಗದಿದ್ದರೆ ಲೇತಿನಲ್ಲಿ ಬುಷ್ಷು ಕಡೆಸುವುದು. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ ದಿನವೆಂದು ಸೇರುವವರಲ್ಲಿ ಮಾತು ಬಹುಪಾಲು ಇದೇ: ಪಿಸ್ಟನ್ ಎಲ್ಲಿ ಸಿಕ್ಕಿತು, ಕ್ಲಚ್ ಪ್ಲೇಟು ಯಾರಲ್ಲಿದೆ.

ನಾನೂ ಕೆಲವು ಬದಲಾವಣೆ ಮಾಡಿದೆ. ಡೈನಮೋ ತೆಗೆದು, ಚೆಕ್ ದೇಶದ ವಾಪೆ ಸಂಸ್ಥೆಯು ಇಂತಹ ಹಳೆಯ ಗಾಡಿಗಳಿಗೆಂದೇ ಮಾಡುವ 12 ವೋಲ್ಟಿನ ಜೋಡಣೆಯನ್ನು ಹಾಕಿದೆ. ಪಾಯಿಂಟುಗಳ ಕೆಲಸವನ್ನು ಎಲೆಕ್ಟ್ರಾನಿಕ್ ಸಾಧನ ವಹಿಸಿಕೊಂಡಿತು. ದೀಪ ಬೆಳಗಿತು, ಮಳೆಯ ಕಾಟ ತಪ್ಪಿತು. ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬಂದ ಮೇಲೆ ರಬ್ಬರಿನ ಹಳೆಯ ಪೈಪನ್ನೂ ಬದಲಿಸಿದೆ. ಎಥನಾಲು ರಬ್ಬರನ್ನು ಕೆಡಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಆದುದರಿಂದ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲು ಉಳಿಸುವುದಿಲ್ಲ.

ಇಲ್ಲಿ ಕಾನೂನಿನ ಮಾತು ಬರುತ್ತದೆ. 2021ರ ನಿಯಮದಂತೆ 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನ ‘ವಿಂಟೇಜ್’. 20,000 ರೂಪಾಯಿ ಕೊಟ್ಟರೆ 10 ವರ್ಷದ ನೋಂದಣಿ, ಸಂಖ್ಯೆಯಲ್ಲಿ ‘ವಿಎ’ ಎಂಬ ಗುರುತು. ಆದರೆ ಪ್ರದರ್ಶನ, ರ‍್ಯಾಲಿ ಮುಂತಾದುವಕ್ಕಲ್ಲದೆ ನಿತ್ಯ ಓಡಿಸುವಂತಿಲ್ಲ. ನೋಂದಣಿಪತ್ರದ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಹೇಳಿದೆ. ಆದ್ದರಿಂದ ಚಾಸಿಗೂ ಎಂಜಿನ್ನಿಗೂ ನಾನು ಕೈಹಚ್ಚಿಲ್ಲ. ಮೂಲರೂಪ ಎಂಬ ಮಾತಿನಲ್ಲೇ ನನಗೆ ತಕರಾರಿದೆ. ಗೆರಟೆಯ ಬೆಂಕಿ ಕಂಡ ಸೈಲೆನ್ಸರು, ಲೇತಿನಲ್ಲಿ ಕಡೆದ ಬುಷ್ಷು, ಸುಳ್ಯದಲ್ಲಿ ಬೆಸುಗೆ ಹಾಕಿಸಿದ ಸ್ಟ್ಯಾಂಡು, ಇವು ಮೈಸೂರಿನಿಂದ ಬಂದವಲ್ಲ. ಇವಿಲ್ಲದೆ ಗಾಡಿಯೇ ಉಳಿಯುತ್ತಿರಲಿಲ್ಲ. ಅಂಗಳದ ಈ ಅರ್ಧ ಶತಮಾನಕ್ಕೆ ಯಾವ ಪತ್ರದಲ್ಲೂ ಅಂಕಣವಿಲ್ಲ.

ವಿಂಟೇಜ್ ಅರ್ಜಿ ಹಾಕು ಎನ್ನುವ ಗೆಳೆಯರಿದ್ದಾರೆ. ಹಾಕಿದರೆ ಆತೂರಿಗೆ ಸಾಮಾನು ತರಲು ಇದರಲ್ಲಿ ಹೋಗುವಂತಿಲ್ಲ. ಐದೈದು ವರ್ಷಕ್ಕೆ ಸಾಮಾನ್ಯ ನವೀಕರಣವನ್ನೇ ಮಾಡಿಸಿಕೊಂಡು ಬಂದಿದ್ದೇನೆ. ಬಿಚ್ಚಿದ ಡೈನಮೋವನ್ನೂ ಪಾಯಿಂಟುಗಳ ತಟ್ಟೆಯನ್ನೂ ಗ್ರೀಸು ಬಳಿದು ಬಟ್ಟೆ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ. ಜೊತೆಗೆ ಆ ನಾಲ್ಕು ಬ್ಲೇಡುಗಳೂ ಇವೆ.