ಯಾರ ನಾಯಿ?

ಅಲಿಬಾಗ್, ಕಿಹೀಮ್, ನಾಗಾಂವ್ ಕಡೆಯ ಕಡಲತಡಿ ಹೋಟೆಲುಗಳ ದರಪಟ್ಟಿಯಲ್ಲಿ ಈಗ ನಾಯಿಗೂ ಒಂದು ಸಾಲು ಇರುತ್ತದೆ. ಇಬ್ಬರ ಕೋಣೆಗೆ ಇಷ್ಟು, ಹೆಚ್ಚುವರಿ ಹಾಸಿಗೆಗೆ ಇಷ್ಟು, ನಾಯಿಗೆ ಇಷ್ಟು. ಶನಿವಾರ ಬೆಳಿಗ್ಗೆ ಮಜಗಾಂವಿನ ಭಾವೂಚಾ ಧಕ್ಕಾಕ್ಕೆ ಹೋಗಿ ನಿಂತರೆ, ಮಾಂಡ್ವಾಕ್ಕೆ ಹೊರಡುವ ರೋ-ರೋ ಹಡಗಿಗೆ ಕಾದಿರುವ ಕಾರುಗಳ ಕಿಟಕಿಯಲ್ಲಿ ಅಲ್ಲೊಂದು ಇಲ್ಲೊಂದು ಮೂತಿ ಕಾಣಿಸುತ್ತದೆ. 2020ರಲ್ಲಿ ಈ ಹಡಗು ಶುರುವಾದ ಮೇಲೆ ಕಾರು, ಮಕ್ಕಳು, ನಾಯಿ ಸಮೇತ ಸುಮಾರು ಒಂದು ಗಂಟೆಯಲ್ಲಿ ಆಚೆ ದಡ ಸೇರಬಹುದು.

ನಾವೂ ಒಮ್ಮೆ ಹೋಗಿಬಂದೆವು. ಕೋಣೆ ಕಾದಿರಿಸಲು ಫೋನ್ ಮಾಡಿದಾಗ ಹೋಟೆಲಿನವರು ಕೇಳಿದ ಮೊದಲ ಪ್ರಶ್ನೆ, "ತಳಿ ಯಾವುದು ಸರ್?" ನಮ್ಮ ಕಾಳಿ ನಮ್ಮ ಗಲ್ಲಿಯಲ್ಲೇ ಹುಟ್ಟಿದವಳು. ಹಾಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಆದರೆ ಮನೆಯಲ್ಲೇ ಸಾಕಿದ್ದು ತಾನೇ? ಬೀದಿಯದ್ದಲ್ಲವಲ್ಲ?" ಎಂಬ ಎರಡನೇ ಪ್ರಶ್ನೆ ಬಂತು. ಲಸಿಕೆ ಪುಸ್ತಕದ ಫೋಟೋ ಕಳಿಸಿದ ಮೇಲೆ ಕೋಣೆ ಸಿಕ್ಕಿತು. ಆ ಹುಡುಗನ ಮೇಲೆ ನನಗೆ ಸಿಟ್ಟೇನಿಲ್ಲ. ಅವನಿಗೆ ಕೊಟ್ಟ ಫಾರಮಿನಲ್ಲಿದ್ದುದನ್ನು ಕೇಳಿದ. ಆದರೆ ಮನೆಯದೋ ಬೀದಿಯದೋ ಎಂಬ ಈ ಪ್ರಶ್ನೆ ಮುಂಬಯಿಗೆ ಹೊಸದಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಈ ಊರಿನಲ್ಲಿ ದಂಗೆಯಾಗಿ, ಪಲ್ಟನು ಬೀದಿಗಿಳಿದಿತ್ತು.

ಇಸವಿ 1832. ಹುಚ್ಚುನಾಯಿ ಕಾಟಕ್ಕೆ ಹೆದರಿದ ಕಂಪನಿ ಸರ್ಕಾರ ಬೇಸಿಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಪದ್ಧತಿಯನ್ನು ಆಗಲೇ ಇಟ್ಟುಕೊಂಡಿತ್ತು. ಆ ವರ್ಷ ಕೊಲ್ಲುವ ಅವಧಿಯನ್ನು ಜೂನ್ 15ರವರೆಗೆ ಮುಂದುವರಿಸಿದರು. ಸತ್ತ ನಾಯಿಯೊಂದಕ್ಕೆ ಎಂಟಾಣೆ ಬಹುಮಾನ. ಆ ಕಾಲಕ್ಕೆ ಎಂಟಾಣೆ ಸಣ್ಣ ದುಡ್ಡಲ್ಲ. ಹಾಗಾಗಿ ಪೊಲೀಸ್ ಪೇದೆಗಳು ಬೀದಿಯದು, ಮನೆಯದು ಎಂದು ನೋಡದೆ ಸಿಕ್ಕಿದ್ದನ್ನು ಬಡಿದರು, ಮನೆಯಂಗಳಕ್ಕೂ ನುಗ್ಗಿದರು ಎಂಬ ದೂರು ಎದ್ದಿತು. ಜೂನ್ 6 ಪಾರಸಿಗಳಿಗೆ ಪವಿತ್ರ ದಿನ. ಅಂದು ಕೋಟೆ ಪ್ರದೇಶದಲ್ಲಿ ಪೇದೆಗಳು ನಾಯಿ ಬೇಟೆಗೆ ಇಳಿದಾಗ ಸುಮಾರು ಇನ್ನೂರು ಪಾರಸಿಗಳು ಅವರ ಮೇಲೆ ಬಿದ್ದರು.

ಪಾರಸಿಗಳಿಗೆ ನಾಯಿಯ ಮೇಲಿನ ಗೌರವ ಬರೀ ಅಕ್ಕರೆಯದಲ್ಲ. ಅವರಲ್ಲಿ ಯಾರಾದರೂ ಸತ್ತರೆ ಶವದ ಬಳಿಗೆ ನಾಯಿಯನ್ನು ಕರೆತಂದು ಅದರ ಕಣ್ಣಿಗೆ ಬೀಳುವಂತೆ ಮಾಡುತ್ತಾರೆ. ಈ ವಿಧಿಗೆ ಸಗ್‌ದೀದ್ ಎಂದು ಹೆಸರು. ಹುಬ್ಬಿನ ಜಾಗದಲ್ಲಿ ಎರಡು ಮಚ್ಚೆಯಿರುವ 'ನಾಲ್ಕು ಕಣ್ಣಿನ' ನಾಯಿಯಾದರೆ ಇನ್ನೂ ಶ್ರೇಷ್ಠ. ನಾಯಿ ನೋಡದೆ ಮನುಷ್ಯನ ಕೊನೆಯ ಪ್ರಯಾಣ ಸಾಂಗವಾಗುವುದಿಲ್ಲ. ಹೀಗಿರುವಾಗ ಬೀದಿಬೀದಿಯಲ್ಲಿ ನಾಯಿ ಬಡಿಯುವುದನ್ನು ಅವರು ನೋಡಿಕೊಂಡು ಇರುವುದಾದರೂ ಹೇಗೆ?

ಮರುದಿನ ಊರೇ ಮುಚ್ಚಿತು. ಜೈನರು, ಹಿಂದೂ ವರ್ತಕರು ಜೊತೆಗೂಡಿದರು. ಅಂಗಡಿ ತೆರೆಯಲಿಲ್ಲ, ಕೊಲಾಬಾದಲ್ಲಿದ್ದ ಸೈನ್ಯಕ್ಕೆ ಹೋಗಬೇಕಾದ ದಿನಸಿಯನ್ನು ತಡೆದರು. ಸರ್ಕಾರಕ್ಕೆ ಬಿಸಿ ತಟ್ಟಿದ್ದು ಆಗ. ಗುಂಪು ಚದುರಬೇಕೆಂಬ ಕಾನೂನನ್ನು ಓದಿಹೇಳಿ, ಪಲ್ಟನು ಇಳಿಸಿ, ಹಲವರನ್ನು ಹಿಡಿದರು. ಆಮೇಲೆ ಜಮ್‌ಶೇಟ್‌ಜಿ ಜೀಜೀಭಾಯಿಯಂಥ ದೊಡ್ಡ ವರ್ತಕರು ನಡುವೆ ಬಂದು ಅರ್ಜಿ ಬರೆದು, ನಾಯಿಗಳನ್ನು ಕೊಲ್ಲುವ ಬದಲು ಊರಾಚೆ ಸಾಗಿಸುವ ಒಪ್ಪಂದಕ್ಕೆ ತಂದರು. ಎರಡೇ ವರ್ಷಕ್ಕೆ, 1834ರಲ್ಲಿ, ಅದೇ ಜೀಜೀಭಾಯಿ ಮತ್ತು ಜೈನ ವರ್ತಕ ಮೋತಿಚಂದ್ ಅಮೀಚಂದ್ ಸೇರಿ ಕಟ್ಟಿದ್ದು ಭುಲೇಶ್ವರದ ಪಾಂಜರಾಪೋಳ. ಈಗ ಅಲ್ಲಿ ಹಸುಗಳಿಗೆ ಹುಲ್ಲು ತಿನ್ನಿಸಿ ಬರುವವರಲ್ಲಿ ಅದರ ಹುಟ್ಟಿನ ಹಿಂದೆ ನಾಯಿಗಳಿದ್ದವು ಎಂದು ತಿಳಿದವರು ಕಡಿಮೆ.

ಈ ಜಗಳವನ್ನು ಸಾಮಾನ್ಯವಾಗಿ ಧರ್ಮಕ್ಕೂ ಆಡಳಿತಕ್ಕೂ ನಡೆದ ಜಗಳ ಎಂದು ಬರೆಯುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಎಳೆ ಕಾಣುತ್ತದೆ. ಇಂಗ್ಲೆಂಡಿನಲ್ಲಿ 1796ರಲ್ಲೇ ನಾಯಿಗೆ ತೆರಿಗೆ ಬಂದಿತ್ತು. ತೆರಿಗೆ ಎಂದ ಮೇಲೆ ಕಟ್ಟುವವನೊಬ್ಬ ಬೇಕು, ಅಂದರೆ ಪ್ರತಿ ನಾಯಿಗೂ ಒಬ್ಬ ಒಡೆಯ. ಒಡೆಯನಿಲ್ಲದ್ದು ತಬ್ಬಲಿ, ಕೊಲ್ಲಬಹುದಾದದ್ದು. ನಮ್ಮ ಬೀದಿಗಳ ಲೆಕ್ಕ ಹಾಗಿರಲಿಲ್ಲ. ಗಲ್ಲಿಯ ನಾಯಿಗೆ ಒಬ್ಬ ಒಡೆಯನಿಲ್ಲ, ಆದರೆ ಅದು ಅನಾಥವೂ ಅಲ್ಲ. ನಾಲ್ಕು ಮನೆಯ ಅನ್ನ ತಿಂದು ನಲವತ್ತು ಮನೆ ಕಾಯುತ್ತದೆ. ಯಾರ ನಾಯಿ ಎಂದು ಕೇಳಿದರೆ "ಇಲ್ಲಿಯದೇ" ಎನ್ನುತ್ತಾರೆ. ಈ 'ಇಲ್ಲಿಯದೇ' ಎಂಬ ಉತ್ತರಕ್ಕೆ ಕಂಪನಿಯ ಕಾನೂನಿನಲ್ಲಿ ಜಾಗವಿರಲಿಲ್ಲ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹುಚ್ಚುನಾಯಿಯ ಭಯ ಸುಳ್ಳಲ್ಲ. ಪಾಶ್ಚರ್ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ರೇಬೀಸ್ ಲಸಿಕೆ ಹಾಕಿದ್ದು 1885ರಲ್ಲಿ. ಅದಕ್ಕೆ ಮೊದಲು ಆ ರೋಗ ಹತ್ತಿದವರು ಉಳಿಯುತ್ತಿರಲಿಲ್ಲ. ನಮ್ಮ ನಾಡಿನಲ್ಲೂ ಶಿಲೆಯಲ್ಲಿ ನಿಂತದ್ದು ದೊರೆಯ ನಾಯಿಯೇ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 949ರ ಸುಮಾರಿಗೆ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ಗಂಗ ಬೂತುಗನ ಕಡೆಯ ವೀರ ಮಣಲೆರನಿಗೆ ರಾಷ್ಟ್ರಕೂಟ ಕೃಷ್ಣ ಮೆಚ್ಚಿ ಏನು ಬೇಕು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮನೆಯವಳ ಹೆಸರು ಅಲ್ಲಿಂದ ಬಂದದ್ದು. ಗಲ್ಲಿಯ ಮರಿಗೆ ಚಕ್ರವರ್ತಿಯ ನಾಯಿಯ ಹೆಸರು, ಇರಲಿ ಬಿಡಿ.

ನಾಯಿಯ ಕಥೆ ಹೀಗಾದರೆ, ಕಡಲತಡಿಗೆ ರಜೆ ಕಳೆಯಲು ಹೋಗುವ ರೂಢಿಯೂ ಹೊರಗಿನಿಂದಲೇ ಬಂತು. 1750ರ ದಶಕದಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಸಮುದ್ರದ ನೀರು ಔಷಧ ಎಂದು ಬರೆದ ಮೇಲೆ ಬ್ರೈಟನ್ನಿಗೆ ಸಿರಿವಂತರು ಮುಗಿಬಿದ್ದರು. 1841ರಲ್ಲಿ ಲಂಡನ್ನಿನಿಂದ ಅಲ್ಲಿಗೆ ರೈಲು ಬಂದು ಜನಸಾಮಾನ್ಯರೂ ಹೋಗತೊಡಗಿದರು. ಮುಂಬಯಿಯ ಸಾಹೇಬರಿಗೆ ಮಾತ್ರ ಇಲ್ಲಿನ ಕಡಲು ರುಚಿಸಲಿಲ್ಲ. ತೆಂಗಿನ ಬುಡಕ್ಕೆ ಮೀನಿನ ಗೊಬ್ಬರ ಹಾಕುವ ವಾಸನೆಯಿಂದಲೇ ರೋಗ ಬರುತ್ತದೆಂದು ದೂರುತ್ತ ಅವರು ಗುಡ್ಡ ಹತ್ತಿದರು, ಮಹಾಬಳೇಶ್ವರಕ್ಕೆ, 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ 'ಕಂಡುಹಿಡಿದ' ಮಾಥೇರಾನಿಗೆ. ಕಿಹೀಮಿನಲ್ಲಿ ಕಡಲ ರಜೆ ಕಳೆದವರು ತ್ಯಾಬ್ಜಿಯಂಥ ಮುಂಬಯಿ ಕುಟುಂಬಗಳು. ಅವರದು ಹೋಟೆಲಲ್ಲ, ಸ್ವಂತ ಮನೆ. ಪಕ್ಷಿತಜ್ಞ ಸಲೀಂ ಅಲಿ 1930ರಲ್ಲಿ ಗೀಜಗನ ಗೂಡುಗಳನ್ನು ಕೂತು ನೋಡಿದ್ದು ಅದೇ ಕಿಹೀಮಿನಲ್ಲಿ.

ವಾರಾಂತ್ಯ ಎಂಬುದೂ ಈ ಊರಿನಲ್ಲಿ ಯಾರೋ ಹೋರಾಡಿ ತಂದದ್ದೇ. ಗಿರಣಿ ಕೆಲಸಗಾರರ ಸಂಘ ಕಟ್ಟಿದ, ಜೋತಿರಾವ್ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಬೇಡಿಕೆಯಿಟ್ಟು ಜಗ್ಗಿ 1890ರಲ್ಲಿ ಗಿರಣಿಗಳಿಗೆ ಭಾನುವಾರದ ರಜೆ ತಂದರು. ಶನಿವಾರ ನಾವು ಹಡಗು ಹತ್ತುವುದರ ಹಿಂದೆ ಅವರ ಪಾಲೂ ಇದೆ.

ಇನ್ನು ಹೋಟೆಲು. "ನಾಯಿಗಳಿಗೂ ಭಾರತೀಯರಿಗೂ ಪ್ರವೇಶವಿಲ್ಲ" ಎಂಬ ಫಲಕದ ಮಾತು ಕೇಳದವರಿಲ್ಲ. ಚಿತ್ತಗಾಂಗಿನ ಪಹಾರ್‌ತಲಿ ಯುರೋಪಿಯನ್ ಕ್ಲಬ್ಬಿನಲ್ಲಿ ಅಂಥದ್ದಿತ್ತೆಂದು ಹೇಳುತ್ತಾರೆ. 1932ರ ಸೆಪ್ಟೆಂಬರಿನಲ್ಲಿ ಪ್ರೀತಿಲತಾ ವದ್ದೇದಾರ್ ಆ ಕ್ಲಬ್ಬಿನ ಮೇಲೆ ದಾಳಿ ನಡೆಸಿ ಪ್ರಾಣಕೊಟ್ಟಳು. ಮುಂಬಯಿಯಲ್ಲಿ ಇದೇ ಕಥೆ ಕಾಲಾಘೋಡಾದ ವಾಟ್ಸನ್ ಹೋಟೆಲಿಗೆ ಅಂಟಿಕೊಂಡಿದೆ: ಜಮ್‌ಶೇಟ್‌ಜಿ ಟಾಟಾ ಅವರನ್ನು ಅಲ್ಲಿ ಒಳಗೆ ಬಿಡಲಿಲ್ಲ, ಆ ಹಟಕ್ಕೆ ಅವರು 1903ರಲ್ಲಿ ತಾಜ್ ತೆರೆದರು ಎಂದು. ಇದಕ್ಕೆ ಗಟ್ಟಿ ಪುರಾವೆ ಇತಿಹಾಸಕಾರರಿಗೆ ಸಿಕ್ಕಿಲ್ಲ. 1896ರ ಪ್ಲೇಗಿನಿಂದ ಕಂಗೆಟ್ಟ ಊರಿಗೆ ಒಳ್ಳೆಯ ಹೋಟೆಲೊಂದು ಬೇಕಿತ್ತು ಎಂಬ ಕಾರಣವೇ ನನಗೆ ಹೆಚ್ಚು ನಂಬುವಂತೆ ಕಾಣುತ್ತದೆ. ಆದರೆ ಕಥೆ ಸಾಯುವುದಿಲ್ಲ, ಏಕೆಂದರೆ ಬಾಗಿಲಲ್ಲಿ ತಡೆಯಿಸಿಕೊಂಡ ಅನುಭವ ಸುಳ್ಳಲ್ಲವಲ್ಲ. ಆ ಫಲಕದಲ್ಲಿ ಅಡಗಿದ ಒಂದು ಮಾತನ್ನು ಮಾತ್ರ ನಾವು ಗಮನಿಸುವುದಿಲ್ಲ. ಸಾಹೇಬರ ಹಳೆಯ ಫೋಟೋಗಳಲ್ಲಿ ವರಾಂಡದ ಬೆತ್ತದ ಕುರ್ಚಿಯ ಪಕ್ಕ ಟೆರಿಯರ್ ನಾಯಿ ಆರಾಮಾಗಿ ಮಲಗಿರುತ್ತದೆ. ಬೇಡವಾದದ್ದು ನಾಯಿಯಲ್ಲ, ಬೀದಿ. ನಮ್ಮನ್ನು ಆ ಬೀದಿಯ ಲೆಕ್ಕಕ್ಕೆ ಸೇರಿಸಿದ್ದರು.

ಮುಂಬಯಿ ಕನ್ನಡಿಗರಿಗಂತೂ ಬಹುಕಾಲ ಹೋಟೆಲ್ ಎಂದರೆ ತಂಗುವ ಜಾಗವಲ್ಲ, ದುಡಿಯುವ ಜಾಗ. ಕಡಲೂ ಹಾಗೆಯೇ. ನಮ್ಮ ಕುಂದಾಪುರದ ಕಡೆ ಗಾಳಿ ತಿನ್ನಲು ಸಮುದ್ರಕ್ಕೆ ಹೋಗುತ್ತೇನೆಂದರೆ ಅಜ್ಜಿ ನಗುತ್ತಿದ್ದಳು. ಅಪ್ಪಯ್ಯ ಹದಿಮೂರನೇ ವಯಸ್ಸಿಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು-ಬಶಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿದವರು. ಹಿಂಬಾಗಿಲಿನ ಓಣಿಯಲ್ಲಿ ಒಂದು ಕಂದು ನಾಯಿ ಇತ್ತಂತೆ. ಮುರಿದ ಇಡ್ಲಿ, ಸೀದ ದೋಸೆ ಅದರ ಪಾಲಿಗೆ. ಮಹಾನಗರಪಾಲಿಕೆಯ ನಾಯಿ ಹಿಡಿಯುವ ಗಾಡಿ ಬಂದರೆ ಹುಡುಗರು ಅದನ್ನು ಸೌದೆ ಕೋಣೆಗೆ ನೂಕಿ ಬಾಗಿಲೆಳೆಯುತ್ತಿದ್ದರು. ಗಲ್ಲೆಯಲ್ಲಿ ಕೂತ ಧಣಿ ಕಂಡೂ ಕಾಣದವರಂತೆ ನೋಟು ಎಣಿಸುತ್ತಿದ್ದರು. "ಅದು ಯಾರ ನಾಯಿ ಅಪ್ಪಯ್ಯ?" ಎಂದು ನಾನು ಕೇಳಿದ್ದೆ. "ಯಾರದೆಂದರೆ? ಹೋಟೆಲಿದ್ದೇ" ಎಂದಿದ್ದರು.

ಆ ಗಾಡಿಗೆ ಸಿಕ್ಕ ನಾಯಿಗಳು ಹಿಂದಿರುಗುತ್ತಿರಲಿಲ್ಲ. ಈ ಊರಿನಲ್ಲಿ ಕೊಲ್ಲುವ ಪದ್ಧತಿ 1990ರ ದಶಕದವರೆಗೂ ನಡೆಯಿತು. ಕೊಂದಷ್ಟೂ ಹುಟ್ಟುತ್ತವೆ, ಸಂಖ್ಯೆ ತಗ್ಗುವುದಿಲ್ಲ ಎಂದು ಅರಿತು ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಯ ದಾರಿ ಹಿಡಿದರು. 2001ರಲ್ಲಿ ಇಡೀ ದೇಶಕ್ಕೆ ನಿಯಮವೂ ಬಂತು. ಇತ್ತ, ಬೀದಿನಾಯಿಗಳಿಗೆ ಬಾಂಬೆ ಹೌಸಿನೊಳಗೆ ಜಾಗ ಕೊಟ್ಟ ರತನ್ ಟಾಟಾ 2018ರಲ್ಲಿ ಕಟ್ಟಡ ನವೀಕರಿಸಿದಾಗ ಅವಕ್ಕೆಂದೇ ಒಂದು ಕೋಣೆ ಮಾಡಿಸಿದರು. ದಂಗೆ ನಡೆದ ಅದೇ ಕೋಟೆ ಪ್ರದೇಶ. ದಂಗೆಯೆದ್ದವರದೇ ಸಮುದಾಯ.

ಆದರೂ ಸಾಮಾನ್ಯ ನಾಯಿಯ ಪ್ರಯಾಣ ಇಂದಿಗೂ ಒಡೆಯನ ಟಿಕೆಟಿನ ಮೇಲೆ ನಿಂತಿದೆ. ರೈಲಿನಲ್ಲಿ ಮೊದಲ ದರ್ಜೆಯ ಕೂಪೆಯನ್ನು ಪೂರ್ತಿ ಕಾದಿರಿಸಿದರೆ ನಾಯಿ ನಿಮ್ಮ ಜೊತೆಯಲ್ಲೇ ಬರಬಹುದು. ಸ್ಲೀಪರಿನವರಾದರೆ ಅದು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ, ನೀವು ನಿಮ್ಮ ಸೀಟಿನಲ್ಲಿ. ಅಲಿಬಾಗಿನ ಹೋಟೆಲಿನಲ್ಲಿ ಕಾಳಿಗೆ ಮೆತ್ತೆ, ನೀರಿನ ಬಟ್ಟಲು ಎಲ್ಲ ಇತ್ತು. ಪಕ್ಕದ ಕೋಣೆಯವರ ಡ್ರೈವರ್ ರಾತ್ರಿ ಕಾರಿನ ಸೀಟು ಹಿಂದಕ್ಕೆ ಬಾಗಿಸಿ ಮಲಗಿದ. ದರಪಟ್ಟಿಯಲ್ಲಿ ಅವನಿಗೆ ಸಾಲಿರಲಿಲ್ಲ. ಮೇಜುಗಳ ಮೇಲೆ ಮಲಗಿದ್ದವರ ಮಗನಾಗಿ ನನಗೆ ಅದು ಕಣ್ಣಿಗೆ ಹೊಡೆಯಿತು.

ದೆಹಲಿಯ ಓದುಗರಿಗೆ 2025ರ ಆಗಸ್ಟ್ ಬೇರೆ ಹೇಳಬೇಕಾಗಿಲ್ಲ. 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸಾಗಿಸಿ ಎಂದಿತು. ಊರು ಎರಡಾಯಿತು. ಮಕ್ಕಳನ್ನು ಕಚ್ಚಿಸಿಕೊಂಡವರ ನೋವೂ ನಿಜ, ಮೋಂಬತ್ತಿ ಹಿಡಿದು ನಿಂತವರ ಸಂಕಟವೂ ನಿಜ. 22ರಂದು ಇನ್ನೊಂದು ಪೀಠ ಅದನ್ನು ತಿದ್ದಿ, ಶಸ್ತ್ರಚಿಕಿತ್ಸೆ, ಲಸಿಕೆ ಮುಗಿಸಿ ಹಿಡಿದಲ್ಲಿಗೇ ಬಿಡಿ, ರೇಬೀಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಬಿಡಬೇಡಿ ಎಂದಿತು. 2023ರ ನಿಯಮಗಳಲ್ಲಿ 'ಸಮುದಾಯದ ಪ್ರಾಣಿ' ಎಂಬ ಮಾತು ಬಂದಿದೆ: ಯಾರೂ ಒಡೆತನ ಹೇಳಿಕೊಳ್ಳದ, ಆದರೆ ಆ ಜಾಗದಲ್ಲೇ ಹುಟ್ಟಿ ಬೆಳೆದ ಪ್ರಾಣಿ. ಅಪ್ಪಯ್ಯ ಒಂದೇ ಮಾತಿನಲ್ಲಿ ಹೇಳಿದ್ದನ್ನು ಕಾನೂನು ತನ್ನ ಭಾಷೆಯಲ್ಲಿ ಬರೆದುಕೊಳ್ಳಲು ಇಷ್ಟು ಕಾಲ ಹಿಡಿಯಿತು. ಅವಕ್ಕೆ ಊಟ ಹಾಕುವ ಜಾಗವನ್ನು ಗುರುತಿಸಿ ಕೊಡಬೇಕೆಂದೂ ಅದರಲ್ಲಿದೆ. ನಮ್ಮ ಸೊಸೈಟಿಯಲ್ಲಿ ಆ ವಿಷಯದ ಸಭೆ ಮೂರು ಸಲ ಮುಂದೆ ಹೋಗಿದೆ. ಮುಂದಿನದ್ದು ಬರುವ ಭಾನುವಾರ, ಕಾರು ನಿಲ್ಲಿಸುವ ಜಾಗದ ಗಲಾಟೆ ಮುಗಿದ ಮೇಲೆ.