ರಬ್ಬಿ ಅಕಿವಾ ಬೇಗ ಮುಗಿಸಿದ್ದೇಕೆ?

ಯಹೂದಿಗಳ ಧರ್ಮಗ್ರಂಥವಾದ ತಾಲ್ಮುದಿನ ‘ಬೆರಖೋತ್’ ಭಾಗದಲ್ಲಿ (31ಎ) ರಬ್ಬಿ ಅಕಿವಾ ಪ್ರಾರ್ಥಿಸುತ್ತಿದ್ದ ಬಗೆಯನ್ನು ರಬ್ಬಿ ಯೆಹೂದಾ ಹೇಳುತ್ತಾರೆ. ಒಬ್ಬರೇ ಇದ್ದಾಗ ಬಾಗುತ್ತ, ಅಡ್ಡಬೀಳುತ್ತ, ಒಂದು ಮೂಲೆಯಲ್ಲಿ ಶುರು ಮಾಡಿದವರು ಇನ್ನೊಂದು ಮೂಲೆಯಲ್ಲಿ ಸಿಗುತ್ತಿದ್ದರಂತೆ. ಸಭೆಯ ಜೊತೆಗಿದ್ದಾಗ ಮಾತ್ರ ಚುಟುಕಾಗಿ ಮುಗಿಸುತ್ತಿದ್ದರು. ಇದನ್ನು ವಿನಯಕ್ಕೆ ದೃಷ್ಟಾಂತವಾಗಿ ಓದುವುದುಂಟು. ಆದರೆ ಪಠ್ಯ ಕೊಡುವ ಕಾರಣ ಬೇರೆ: ಜನರಿಗೆ ಹೊರೆಯಾಗಬಾರದು, ಅಷ್ಟೇ. ಅಕಿವಾರ ಭಕ್ತಿ ಎರಡೂ ಕಡೆ ಒಂದೇ, ಬದಲಾದದ್ದು ಸುತ್ತಲಿದ್ದವರು.

ದನಿಯ ವಿಷಯದಲ್ಲೂ ಹೀಗೆಯೇ. ಬೈಬಲ್ಲಿನಲ್ಲಿ, ಶೀಲೋವಿನ ದೇಗುಲದಲ್ಲಿ ಪ್ರಾರ್ಥಿಸುವಾಗ ಹನ್ನಳ ತುಟಿ ಅಲುಗಿತು, ದನಿ ಕೇಳಿಸಲಿಲ್ಲ. ಮೆಲುದನಿಯ ಪ್ರಾರ್ಥನೆಗೆ ಅವಳೇ ಮಾದರಿ. ಗಟ್ಟಿಯಾಗಿ ಪ್ರಾರ್ಥಿಸುವವನ ನಂಬಿಕೆ ಸಣ್ಣದು ಎಂಬ ಮಾತು ‘ಬೆರಖೋತ್’ 24ಬಿಯಲ್ಲಿದೆ. ಅದಕ್ಕೆ ರಾವ್ ಹೂನಾ ಒಂದು ಸಡಿಲಿಕೆ ಕೊಡುತ್ತಾರೆ: ಮೆಲ್ಲಗೆ ಹೇಳಿದರೆ ಮನಸ್ಸು ನಿಲ್ಲದವನು ದನಿ ಎತ್ತಬಹುದು, ಆದರೆ ಒಂಟಿಯಾಗಿದ್ದಾಗ ಮಾತ್ರ, ಸಭೆಯಲ್ಲಿ ಅದರಿಂದ ಉಳಿದವರಿಗೆ ತೊಂದರೆ. ದೇವರ ಮುಂದಿನ ಆಕ್ಷೇಪಕ್ಕೆ ರಿಯಾಯಿತಿ ಉಂಟು, ಪಕ್ಕದವನ ತೊಂದರೆಗೆ ಇಲ್ಲ! ತಾಲ್ಮುದಿನ ಇನ್ನೊಂದು ಭಾಗವಾದ ‘ಸೋಟಾ’ (32ಬಿ) ಇನ್ನೂ ಸೂಕ್ಷ್ಮ. ಪ್ರಾರ್ಥನೆಯಲ್ಲಿ ತಪ್ಪೊಪ್ಪಿಕೊಳ್ಳುವವನಿಗೆ ನಾಚಿಕೆಯಾಗದಿರಲೆಂದೇ ಮೆಲುದನಿಯ ವಿಧಿ ಬಂತು ಎನ್ನುತ್ತದೆ ಅದು. ಅದಕ್ಕೆ ಆಧಾರ ದೇಗುಲದ ಬಲಿಯ ನಿಯಮ: ಪಾಪಪರಿಹಾರದ ಬಲಿಗೂ ಸರ್ವಾಂಗಹೋಮದ ಬಲಿಗೂ ವಧಾಸ್ಥಾನ ಒಂದೇ. ನೋಡಿದವರಿಗೆ ಯಾರು ಯಾವುದಕ್ಕೆ ಬಂದರೆಂದು ತಿಳಿಯದು.

16ನೇ ಶತಮಾನದ ‘ಶುಲ್ಖಾನ್ ಅರೂಖ್’ ಎಂಬ ಧರ್ಮಸಂಹಿತೆಯಲ್ಲಿ ಯೋಸೆಫ್ ಕಾರೊ ಪಕ್ಕದವರ ಮೇಲಿನ ಈ ದಾಕ್ಷಿಣ್ಯವನ್ನು ಮೊಳ, ಹೆಜ್ಜೆಗಳ ಲೆಕ್ಕಕ್ಕೆ ಇಳಿಸುತ್ತಾರೆ. ಅಮಿದಾ, ಅಂದರೆ ನಿಂತು ಹೇಳುವ ಮುಖ್ಯ ಪ್ರಾರ್ಥನೆ, ಮಾಡುತ್ತಿರುವವನ ನಾಲ್ಕು ಮೊಳದೊಳಗೆ ಕೂರುವಂತಿಲ್ಲ. ಅದನ್ನು ಮುಗಿಸಿದವನು ಮೂರು ಹೆಜ್ಜೆ ಹಿಂದೆ ಸರಿಯಬೇಕು. ಹಿಂದಿರುವವನದು ಮುಗಿದಿಲ್ಲವಾದರೆ ಸರಿಯುವಂತಿಲ್ಲ, ಅವನು ತಡವಾಗಿ ಶುರು ಮಾಡಿದ್ದರೂ ಸರಿಯೇ. ನಿಧಾನಿಯ ಮುಂದೆ ನಿಂತವನ ಪಾಡು ಯಾರಿಗೂ ಬೇಡ. ಅಕಿವಾ ಚುಟುಕಾಗಿಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಈ ದಾಕ್ಷಿಣ್ಯವೂ ಕೆಲವೊಮ್ಮೆ ಕೈಕೊಡುತ್ತಿತ್ತು. ಎಲ್ಲರೂ ಮೆಲ್ಲಗೆ ಹೇಳಿಕೊಂಡ ಮೇಲೆ, ಅಮಿದಾ ಬಾರದವರಿಗಾಗಿ ಪ್ರಾರ್ಥನೆಯ ಮುಂದಾಳು ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳುವ ಪದ್ಧತಿಯಿದೆ. 12ನೇ ಶತಮಾನದ ಈಜಿಪ್ಟಿನಲ್ಲಿ, ಆಗಲೇ ಮುಗಿಸಿದ್ದವರು ಆ ಹೊತ್ತಿನಲ್ಲಿ ಹರಟುತ್ತ, ಉಗುಳುತ್ತ ನಿಲ್ಲುತ್ತಿದ್ದರು. ಮುಸ್ಲಿಂ ನೆರೆಯವರು ಕಂಡು ಹಳಿಯುತ್ತಿದ್ದರು. ಅಲ್ಲಿದ್ದ ಯಹೂದಿ ಪಂಡಿತ ಮೈಮೊನಿಡಿಸ್ ಎರಡನ್ನೂ ಒಂದಾಗಿಸಿದರು: ಮುಂದಾಳು ಒಮ್ಮೆಯೇ ಗಟ್ಟಿಯಾಗಿ ಹೇಳಲಿ, ಬಲ್ಲವರು ಜೊತೆಗೆ ಮೆಲ್ಲಗೆ ಹೇಳಿಕೊಳ್ಳಲಿ, ಬಾರದವರು ಕೇಳಲಿ. ಹಳೆಯ ಕ್ರಮವನ್ನು ಅಲ್ಲಿ ಮರಳಿ ತಂದವರು 16ನೇ ಶತಮಾನದ ರಬ್ಬಿ ಡೇವಿಡ್ ಇಬ್ನ್ ಅಬಿ ಝಿಮ್ರಾ.