ಕೇಳಿದವರು, ಕೇಳಿಸಿಕೊಂಡವರು: ಪುತ್ತೂರು ಸೀಮೆಯ ರೇಡಿಯೋ ಮಾತುಕತೆ

ಕನ್ನಡದ ‘ಕೇಳು’ ಎಂಬ ಒಂದು ಮಾತು ಎರಡು ಕೆಲಸ ಮಾಡುತ್ತದೆ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಉರ್ದುವಿನಲ್ಲಿ ಹೀಗಿಲ್ಲ. ಅಲ್ಲಿ ‘ಸುನ್ನಾ’ ಬೇರೆ, ‘ಪೂಛ್ನಾ’ ಬೇರೆ. ರೇಡಿಯೋದ ಚರಿತ್ರೆ ಬರೆದವರು ಹೆಚ್ಚಾಗಿ ಮೊದಲ ಅರ್ಥದಲ್ಲೇ ಉಳಿದಿದ್ದಾರೆ. ಯಾವ ನಿಲಯ ಯಾವ ವರ್ಷ ಶುರುವಾಯಿತು, ಜನ ಯಾವ ಹಾಡಿಗೆ ಮರುಳಾದರು ಎಂಬ ವಿವರಗಳಿಗೆ ಬರವಿಲ್ಲ. ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ರಜೆಯ ದಿನ ಕೇಳುತ್ತಿದ್ದ ಸಂದರ್ಶನ, ಸಂವಾದಗಳ ಬಗ್ಗೆ ಬರೆಯಹೊರಟ ನಮಗೆ ಎರಡನೆಯ ಅರ್ಥವೇ ಹೆಚ್ಚು ಕಾಡುತ್ತದೆ. ಅಲ್ಲಿ ಯಾರು ಯಾರನ್ನು ಏನು ಕೇಳಿದರು? ಯಾರನ್ನು ಕೇಳಲೇ ಇಲ್ಲ?

ಕಡಬ ತಾಲೂಕಾದದ್ದು ತೀರ ಇತ್ತೀಚೆಗೆ. ನಾವು ಹೇಳುತ್ತಿರುವ ಕಾಲದಲ್ಲಿ ಅದು ಪುತ್ತೂರು ತಾಲೂಕಿನ ಒಂದು ಊರು. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕುಮಾರಧಾರೆ, ನಡುವೆ ಅಡಿಕೆ ತೋಟಗಳು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದದ್ದು 1935ರಲ್ಲಿ. ಆ ದನಿ ಈ ಕಾಡುಗಳ ತನಕ ಬರುವಂತಿರಲಿಲ್ಲ. ಮುಂದೆ ಧಾರವಾಡ (1950), ಬೆಂಗಳೂರು (1955), ಭದ್ರಾವತಿ (1965) ನಿಲಯಗಳು ಬಂದವು. ರಾತ್ರಿ ಹೊತ್ತು ಅವು ಸಿಕ್ಕರೆ ಸಿಕ್ಕವು. 1950ರಲ್ಲೇ ಶುರುವಾದ ಕೋಝಿಕ್ಕೋಡ್ ನಿಲಯದ ಮಲಯಾಳಂ ಬ್ಯಾರಿ ಮನೆಗಳಿಗೆ ಹೆಚ್ಚು ಹತ್ತಿರವಾಗಿತ್ತು. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿಗೆ ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಬೇಕಿದ್ದ ಕಾಲವದು. ಹಾಗಾಗಿ ಒಂದು ರೇಡಿಯೋಕ್ಕೆ ಹತ್ತು ಮನೆಗಳ ಕಿವಿ.

ಮಂಗಳೂರು ಆಕಾಶವಾಣಿ ಶುರುವಾದ ದಿನ 1976ರ ಡಿಸೆಂಬರ್ 11. ದೇಶದಲ್ಲಿ ಆಗ ತುರ್ತುಪರಿಸ್ಥಿತಿ. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ರೇಡಿಯೋ ಹೇಗೂ ಸರಕಾರದ್ದೇ. ದಶಕಗಳ ಕಾಲ ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ಇದೇ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದರು. ಒಂದೇ ಜಿಲ್ಲೆಯ ಈ ಎರಡು ಸಂಗತಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡಿದಂತಿಲ್ಲ. ತುರ್ತುಪರಿಸ್ಥಿತಿ ಮುಗಿದ ಮೇಲೆ 1977ರ ಆಗಸ್ಟಿನಲ್ಲಿ ಹೊಸ ಸರಕಾರ ಮಾಧ್ಯಮಗಳ ದುರುಪಯೋಗದ ಬಗ್ಗೆ ಶ್ವೇತಪತ್ರವನ್ನೇ ಹೊರಡಿಸಿತು. ವರ್ಗೀಸ್ ಸಮಿತಿ 1978ರಲ್ಲಿ ಸ್ವಾಯತ್ತತೆಯ ಶಿಫಾರಸು ಮಾಡಿತು. ಪ್ರಸಾರ ಭಾರತಿ ಕಾಯ್ದೆ ಬಂದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ಇಪ್ಪತ್ತು ವರ್ಷ!

ಇಂಥ ಸರಕಾರಿ ಮನೆಯೊಳಗೂ ಸಂದರ್ಶನಕ್ಕೆ ಒಂದು ಸಣ್ಣ ಕಿಟಕಿ ಇತ್ತು. ಆಕಾಶವಾಣಿಯಲ್ಲಿ ಭಾಷಣ ಮಾಡುವವರು ಮೊದಲೇ ಬರೆದು ಕೊಡಬೇಕು, ಅದನ್ನು ಅಧಿಕಾರಿ ಓದಿ ಒಪ್ಪಬೇಕು. ಪ್ರಸಾರ ಸಂಹಿತೆ ಎಂಬುದೊಂದಿದೆ: ಮಿತ್ರ ರಾಷ್ಟ್ರಗಳ ಟೀಕೆ ಕೂಡದು, ಧರ್ಮ ಸಮುದಾಯಗಳ ಮೇಲೆ ದಾಳಿ ಕೂಡದು, ರಾಜಕೀಯ ಪಕ್ಷವನ್ನು ಹೆಸರೆತ್ತಿ ಬಯ್ಯಕೂಡದು. ಇವುಗಳಲ್ಲಿ ಕೆಲವನ್ನು ಇಂದಿನ ಟಿವಿ ಚಾನೆಲ್‌ಗಳೂ ಪಾಲಿಸಿದ್ದರೆ ಎಂದು ನಮಗೆ ಆಗಾಗ ಅನ್ನಿಸುವುದುಂಟು, ಅದು ಬೇರೆ ಮಾತು. ಸಂದರ್ಶನಕ್ಕೆ ಬಂದವರು ಮಾತ್ರ ಪ್ರತಿಯೊಂದು ವಾಕ್ಯವನ್ನೂ ಬರೆದು ತರುವಂತಿರಲಿಲ್ಲ. ಮಾತು ಟೇಪಿನ ಮೇಲೆ ಹರಿಯುತ್ತಿತ್ತು. ಬೇಡವಾದದ್ದನ್ನು ಆಮೇಲೆ ಬ್ಲೇಡಿನಿಂದ ಕತ್ತರಿಸಿ ಟೇಪನ್ನು ಅಂಟಿಸುತ್ತಿದ್ದರು. ಕತ್ತರಿಸಿದರೂ ಒಂದು ನಗು, ಉತ್ತರಕ್ಕೆ ಮುಂಚಿನ ಒಂದು ಮೌನ ಉಳಿದೇ ಉಳಿಯುತ್ತಿತ್ತು. ತೋಟದಲ್ಲಿ ದುಡಿದವನ ತುಳು ಬೆರೆತ ಕನ್ನಡ ಹಾಗೇ ಹೊರಗೆ ಬರುತ್ತಿತ್ತು. ಓದಿ ಹೇಳುವ ಭಾಷಣದಲ್ಲಿ ಇದಾವುದೂ ಇರಲಿಲ್ಲ.

ನಮ್ಮ ಸೀಮೆಯ ಜನಕ್ಕೆ ಇದು ರುಚಿಸಲು ಇನ್ನೊಂದು ಕಾರಣವೂ ಇದೆ. ಅದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು ಪ್ರಶ್ನೆಗೆ ಪ್ರಶ್ನೆ, ಮಾತಿಗೆ ಮಾತು. ಕೃಷ್ಣನನ್ನು ಕರ್ಣ ಕೇಳುತ್ತಾನೆ, ರಾಮನನ್ನು ವಾಲಿ ಕೇಳುತ್ತಾನೆ. ದೇವರೇ ಆದರೂ ಉತ್ತರ ಕೊಡದೆ ಏಳುವಂತಿಲ್ಲ. ಮಂಗಳೂರು ನಿಲಯ ತಾಳಮದ್ದಳೆಯನ್ನು ಪ್ರಸಾರ ಮಾಡಿದಾಗ ಅದು ರೇಡಿಯೋಕ್ಕಾಗಿಯೇ ಹುಟ್ಟಿದ ಕಲೆಯಂತೆ ಕೇಳಿಸಿತು. ಬಪ್ಪನಾಡಿನ ಬಪ್ಪ ಬ್ಯಾರಿಯನ್ನು ರಂಗಸ್ಥಳದಲ್ಲಿ ಜೀವಂತಗೊಳಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಿ ಬೆಳೆದವರಿಗೆ ಒಳ್ಳೆಯ ಪ್ರಶ್ನೆ ಯಾವುದೆಂದು ಹೇಳಿಕೊಡಬೇಕಿರಲಿಲ್ಲ. ಸುಳ್ಯ-ಕೊಡಗು ಗಡಿಯ ಸಂಪಾಜೆಯ ಜಬ್ಬಾರ್ ಸಮೋ ಈ ಕಲೆಯಲ್ಲಿ ಹೆಸರು ಮಾಡಿರುವುದು ನಮಗೆ ಅಚ್ಚರಿಯಲ್ಲ. ಆ ನೆಲದ ಕಿವಿಯೇ ಅಂಥದ್ದು.

ನಮ್ಮ ಸಮುದಾಯದ ಒಳಗಿನ ಮಾತನ್ನೂ ಹೇಳಬೇಕು. ಮೊಹಲ್ಲಾಗಳಲ್ಲಿ ರಾತ್ರಿಯಿಡೀ ನಡೆಯುವ ವಅಳ್‌ಗಳಲ್ಲಿ ದೊಡ್ಡ ದೊಡ್ಡ ಮಾತುಗಾರರನ್ನು ಕೇಳಿದ್ದೇವೆ. ಆದರೆ ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಪದ್ಧತಿ ಇಲ್ಲ, ಹೆಂಗಸರಿಗಂತೂ ಇಲ್ಲವೇ ಇಲ್ಲ. 1985ರಲ್ಲಿ ಇದೇ ಪುತ್ತೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಸಭೆಗೆ ಬಂದ ಸಾರಾ ಅಬೂಬಕ್ಕರ್ ಅವರ ಮೇಲೆ ಕೂಗಾಡಿ ಬೆದರಿಕೆ ಹಾಕಿದರು. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಲೇಖಕಿ ಧರ್ಮದ ಹೆಸರಿನಲ್ಲಿ ನಡೆಯುವುದನ್ನು ಪ್ರಶ್ನಿಸಿ ಬರೆದದ್ದೇ ಅವರ ತಪ್ಪು. ಪ್ರಶ್ನೆ ಕೇಳುವವರನ್ನು ಹೊರಗಿನವರು ಮಾತ್ರ ಅಡಗಿಸುತ್ತಾರೆ ಎಂದು ನಾವು ನಂಬಿಕೊಂಡಿರುವುದಾದರೆ ಆ ದಿನದ ಪುತ್ತೂರನ್ನು ನೆನಪಿಸಿಕೊಳ್ಳಬೇಕು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಶ್ರದ್ಧಾಂಜಲಿಗಳು ಧಾರಾಳವಾಗಿ ಬಂದವು. ಆ ಸಭೆಯ ಸುದ್ದಿಯನ್ನು ಎತ್ತಿದವರು ಕಡಿಮೆ.

ಹೊರಗಿನವರು ನಮ್ಮನ್ನು ಕೇಳುವ ರೀತಿಯೂ ಒಂದು ಕತೆಯೇ. ಪತ್ರಿಕೆಯಿರಲಿ, ರೇಡಿಯೋ ಇರಲಿ, ಟಿವಿ ಇರಲಿ, ಮುಸ್ಲಿಮನ ನೆನಪಾಗುವುದು ರಂಝಾನಿಗೆ, ಬಕ್ರೀದಿಗೆ, ಇಲ್ಲವೇ ಎಲ್ಲಾದರೂ ಗಲಭೆಯಾದಾಗ. ಆಗ ‘ನಿಮ್ಮಲ್ಲಿ’ ಎಂದೇ ಪ್ರಶ್ನೆ ಶುರು. ಅದೇ ಮನುಷ್ಯ ಅಡಿಕೆ ವ್ಯಾಪಾರದಲ್ಲಿ ನಲವತ್ತು ವರ್ಷ ಪಳಗಿದವನಾಗಿರಬಹುದು. 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ ಮೇಲೆ ಧಾರಣೆ ಹೇಗೆ ಬದಲಾಯಿತೆಂದು ಅವನು ಹೇಳಬಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕೆಂದು ಬಲ್ಲ. 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕನ ಕೈಗೇ ಲೇಖನಿ ಕೊಟ್ಟದ್ದು ಎಷ್ಟು ದೊಡ್ಡ ಕೆಲಸವೆಂದು ತಿಳಿಯಬೇಕಾದರೆ ಈ ಕೊರತೆಯನ್ನು ನೋಡಬೇಕು. ಪುತ್ತೂರಿನ ಬೊಳುವಾರು ಮಹಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಊರನ್ನು ಕಟ್ಟಿ ಅಲ್ಲಿಯ ಬ್ಯಾರಿಗಳನ್ನು ಹಬ್ಬದ ದಿನ ಬಿಟ್ಟು ಉಳಿದ ದಿನಗಳಲ್ಲೂ ಮಾತನಾಡಿಸಿದರು. ಕತೆಗಾರ ಮಾಡಿದ್ದನ್ನು ಮೈಕ್ ಹಿಡಿದವರೂ ಮಾಡಬಹುದಿತ್ತು.

ಹೀಗೆಂದ ಮಾತ್ರಕ್ಕೆ ರೇಡಿಯೋ ನಮಗೇನೂ ಕೊಡಲಿಲ್ಲವೆಂದಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿದಾಗ ನಾವು ಶಾಲಾ ಹುಡುಗರು. ಮಗನೋ ಗಂಡನೋ ಅಲ್ಲಿರುವ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದವು. ಫೋನಿಲ್ಲ, ಕಾಗದವಿಲ್ಲ. ಗಲ್ಫಿನಿಂದಲೇ ಬಂದಿದ್ದ ಟೂ-ಇನ್-ಒನ್ ಸೆಟ್ಟುಗಳ ಶಾರ್ಟ್‌ವೇವ್ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿ ಬಿಬಿಸಿ ಹಿಡಿಯುತ್ತಿದ್ದರು. ಉರ್ದು ಸೇವೆಯ ‘ಸೈರ್‌ಬೀನ್’ ಬರುವ ಹೊತ್ತಿಗೆ ಬ್ಯಾರಿ ಮನೆಗಳ ಹೆಂಗಸರು ಉರ್ದು ಓದಿದ ಹುಡುಗರನ್ನು ಹುಡುಕಿ ಕರೆಯುತ್ತಿದ್ದರು. “ಏನಂತೆ ಮೋನೇ?” ನಾವು ಕೇಳಿ ಕೇಳಿ ಹೇಳುತ್ತಿದ್ದೆವು. ಒಂದು ಲಕ್ಷ 70 ಸಾವಿರದಷ್ಟು ಭಾರತೀಯರು ಅಮ್ಮಾನ್ ದಾರಿಯಾಗಿ ವಿಮಾನದಲ್ಲಿ ಊರು ಸೇರುವ ತನಕ ಇದೇ ಕೆಲಸ. ಆ ಕಾರ್ಯಕ್ರಮದಲ್ಲಿ ನಮ್ಮ ಕಿವಿಗೆ ಹೊಸದಾಗಿ ಕಂಡದ್ದು ಒಂದು: ಉತ್ತರ ಸಾಲದಿದ್ದರೆ ಸಂದರ್ಶಕ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದ. ನಮ್ಮ ರೇಡಿಯೋದಲ್ಲಿ ಅಧಿಕಾರಿ ಒಂದು ಸಲ ಹೇಳಿದರೆ ಮುಗಿಯಿತು, “ತುಂಬಾ ಸಂತೋಷ, ಮುಂದಿನ ಪ್ರಶ್ನೆ.” ಬಿಬಿಸಿಯ ಹಿಂದಿ ಶಾರ್ಟ್‌ವೇವ್ 2020ರ ಜನವರಿಯಲ್ಲಿ ನಿಂತಿತು. ರೇಡಿಯೋದ ಸೈರ್‌ಬೀನ್ 2022ರ ಕೊನೆಗೆ ನಿಂತಿತು.

ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಸಮುದಾಯ ಬಾನುಲಿಗೆ 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅನುಮತಿ ಸಿಕ್ಕಿತು. ಮಂಗಳೂರಿನ ಅಲೋಶಿಯಸ್ ಕಾಲೇಜಿನ ರೇಡಿಯೋ ಸಾರಂಗ್ ತುಳು, ಕೊಂಕಣಿಗಳ ಜೊತೆ ಬ್ಯಾರಿಯಲ್ಲೂ ಮಾತನಾಡಿತು. ಈಚಿನ ವರ್ಷಗಳಲ್ಲಿ ಪುತ್ತೂರಿನ ವಿವೇಕಾನಂದ ವಿದ್ಯಾಸಂಸ್ಥೆಗಳಿಂದ ರೇಡಿಯೋ ಪಾಂಚಜನ್ಯ ಬಂದಿದೆ. ಆದರೆ ಇವುಗಳಿಗೆ ಸ್ವಂತ ವಾರ್ತೆಯಾಗಲಿ ರಾಜಕೀಯದ ಪ್ರಚಲಿತ ವಿದ್ಯಮಾನಗಳಾಗಲಿ ನಿಷಿದ್ಧ. ಖಾಸಗಿ ಎಫ್‌ಎಂಗಳೂ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಮರುಪ್ರಸಾರ ಮಾಡಬಹುದೇ ಹೊರತು ಬೇರೆ ಕೇಳುವಂತಿಲ್ಲ. ಹಾಗಾಗಿ ಕುಮಾರಧಾರೆಯ ಮರಳು ಎಲ್ಲಿ ಹೋಯಿತೆಂದು ಊರಿನ ರೇಡಿಯೋ ಊರಿನ ಶಾಸಕರನ್ನು ಕೇಳಬೇಕೆಂದರೆ ಹತ್ತು ಸಲ ಯೋಚಿಸಬೇಕು. ಟಿವಿಗೆ, ಪತ್ರಿಕೆಗೆ ಇಲ್ಲದ ಈ ಕಟ್ಟು ರೇಡಿಯೋಕ್ಕೆ ಮಾತ್ರ ಯಾಕೆ? ಇತ್ತ 2014ರ ಅಕ್ಟೋಬರಿನಿಂದ ಪ್ರಧಾನಿಯವರ ‘ಮನ್ ಕೀ ಬಾತ್’ ಶುರುವಾಯಿತು. ತಿಂಗಳ ಕೊನೆಯ ಭಾನುವಾರ ಅದರ ಹೊತ್ತು. ಕೇಳುಗರ ಪತ್ರಗಳನ್ನು ಅದರಲ್ಲಿ ಓದುತ್ತಾರೆ ನಿಜ, ಆದರೆ ಎದುರು ಕೂತು ಮರುಪ್ರಶ್ನೆ ಹಾಕುವವರು ಅಲ್ಲಿಲ್ಲ. ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಇದು ಒಂದೇ ಪಾತ್ರದ ಪ್ರಸಂಗದಂತೆ ಕೇಳಿಸುತ್ತದೆ.

ಕೇಳಿದ್ದರಲ್ಲಿ ಉಳಿದದ್ದೆಷ್ಟು ಎಂಬುದು ಇನ್ನೂ ದೊಡ್ಡ ಚಿಂತೆ. ಪ್ರಸಾರ ಮುಗಿದ ಟೇಪನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ಆಕಾಶವಾಣಿ ನಿಲಯಗಳಲ್ಲಿ ಮಾಮೂಲಿಯಾಗಿತ್ತು. ಟೇಪು ದುಬಾರಿ, ಕಪಾಟು ಸಣ್ಣದು. ಸಂಗೀತ ವಿದ್ವಾಂಸರಿಗೆ, ದೊಡ್ಡ ಸಾಹಿತಿಗಳಿಗೆ ಸಂಗ್ರಹದಲ್ಲಿ ಜಾಗ ಸಿಕ್ಕಿತು. ಸೂಲಗಿತ್ತಿಗೆ, ದೋಣಿಯವನಿಗೆ, ಬೀಡಿ ಕಟ್ಟುವವಳಿಗೆ ಸಿಗುವುದು ಕಷ್ಟ. ಅಂಥವರ ಮಾತು ಎಲ್ಲಾದರೂ ಇದ್ದರೆ ಮನೆಗಳ ಅಟ್ಟದಲ್ಲಿರಬಹುದು, ಯಾಕೆಂದರೆ ಆ ಗಲ್ಫ್ ಸೆಟ್ಟುಗಳಲ್ಲಿ ಕೆಂಪು ಗುಂಡಿ ಒತ್ತಿದರೆ ರೇಡಿಯೋದ ಮಾತು ನೇರ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ನೆಂಟರ ದನಿ ರೇಡಿಯೋದಲ್ಲಿ ಬರುವ ದಿನ ಹಳೆಯ ಹಾಡಿನ ಕ್ಯಾಸೆಟ್ಟನ್ನೇ ಹಾಕಿ ಹಾಗೆ ಹಿಡಿದಿಟ್ಟವರನ್ನು ನಾವು ಬಲ್ಲೆವು. ನಮ್ಮ ಕಡೆಯ ಮಳೆಗಾಲ ನಾಲ್ಕು ತಿಂಗಳು, ಟೇಪಿಗೆ ಬೂಷ್ಟು ಹಿಡಿಯಲು ಅಷ್ಟು ಸಾಕು. ಗುಜರಿಯವನು ಬಂದಾಗ ಅವನ ಚೀಲಕ್ಕೆ ಹಾಕುವ ಮುಂಚೆ, ಮೇಲೆ ‘ಮಾಪಿಳ್ಳೆ ಪಾಟ್ಟ್’ ಎಂದು ಬರೆದಿದ್ದರೂ, ಎರಡನೇ ಬದಿಯನ್ನೂ ಒಮ್ಮೆ ಹಾಕಿ ಕೇಳಬೇಕು.